ಅಗ್ಗದ ಸ್ಕೋಪಿನ ಮೀಮಾಂಸೆ

ವಿಷಯ: ಅಮೆರಿಕದಲ್ಲಿ ನವೆಂಬರ್ ಬಂತೆಂದರೆ ಬಿಳಿಬಾಲದ ಜಿಂಕೆಯ ಪ್ರಾಣಕ್ಕೂ ಬೇಟೆಗಾರನ ಜೇಬಿಗೂ ಒಟ್ಟೊಟ್ಟಿಗೆ ಕುತ್ತು ಒದಗುತ್ತದೆ. ಗುಂಡು ಗುರಿ ತಪ್ಪಿದ ಮರುದಿನವೇ ಗುರಿಯನ್ನು ಹಿಗ್ಗಿಸಿ ತೋರಿಸಲು ಕೋವಿಯ ಮೇಲೆ ಕೂರಿಸಿದ ಅಗ್ಗದ ಸ್ಕೋಪಿನಲ್ಲಿ ದೋಷಗಳು ಕಾಣತೊಡಗುತ್ತವೆ. ನೂರು ಡಾಲರಿನದನ್ನು ಕಿತ್ತು ಸಾವಿರ ಡಾಲರಿನದನ್ನು ಕೂರಿಸುವ ಈ ಸಂಸ್ಕಾರಕ್ಕೆ ಶಾಸ್ತ್ರಾಧಾರ ಉಂಟೇ ಎಂದು ಮೀಮಾಂಸಕರ ಕ್ರಮದಲ್ಲೇ ವಿಚಾರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸಂಶಯ: ತಪ್ಪಿದ್ದು ಗಾಜೋ, ಗಾಜಿನ ಹಿಂದಿದ್ದ ಕಣ್ಣೋ?

ಪೂರ್ವಪಕ್ಷ: ಅಗ್ಗವಾದಿಗಳು ಸಂಖ್ಯಾಪ್ರಿಯರು. ಹೆಸರುವಾಸಿ ಕಂಪನಿಯ 3–9×40 ಸ್ಕೋಪು ಬರೀ ಒಂಬತ್ತು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಅದಕ್ಕಿಂತ ಕಡಿಮೆ ದುಡ್ಡಿಗೆ 6–24×50 ಸಿಗುತ್ತದೆ. ಒಂಬತ್ತಕ್ಕಿಂತ ಇಪ್ಪತ್ನಾಲ್ಕು ದೊಡ್ಡದೆಂಬುದಕ್ಕೆ ಪ್ರತ್ಯಕ್ಷವೇ ಪ್ರಮಾಣ. ಸಾಲದೆಂದು ಅವರು ಅಭಿನವ್ ಬಿಂದ್ರಾ ಅವರನ್ನೂ ಸಾಕ್ಷಿಗೆ ಕರೆಯುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಇಂಥ ಸ್ಕೋಪಿಗೆ ಅನುಮತಿಯೇ ಇರಲಿಲ್ಲ. ಸಣ್ಣ ರಂಧ್ರದಲ್ಲಿ ಕಣ್ಣಿಟ್ಟು ಹೊಡೆಯಬೇಕಿತ್ತು.

ಸಿದ್ಧಾಂತ: ಇಪ್ಪತ್ನಾಲ್ಕು ಪಟ್ಟು ಬೇಕೆನ್ನುವವರೇ ಏನೂ ಇಲ್ಲದಿದ್ದರೂ ಸಾಕೆನ್ನುವುದು ವದತೋವ್ಯಾಘಾತ. ಮೇಲಾಗಿ ಬಿಂದ್ರಾ ಅವರ ಗುರಿ ದೀಪದ ಬೆಳಕಿನಲ್ಲಿ ನಿಂತಲ್ಲೇ ನಿಂತಿತ್ತು. ಜಿಂಕೆಗೆ ಪೊದೆಯಿಂದ ಹೊರಬರಲು ಮುಸ್ಸಂಜೆಯೇ ಆಗಬೇಕು. ಆಗ ಕಣ್ಣಿನ ಪಾಪೆ 5ರಿಂದ 7 ಮಿ.ಮೀ.ವರೆಗೆ ಅರಳುತ್ತದೆ. ಮುಂಗಾಜಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕೋಲಿನ ದಪ್ಪ ಸಿಗುತ್ತದೆ. ಅಗ್ಗದ 6–24×50ರ ಮುಂಗಾಜಿನ 50 ಮಿ.ಮೀ.ಯನ್ನು 24ರಿಂದ ಭಾಗಿಸಿದಾಗ ಬರುವುದು ಎರಡು ಮಿ.ಮೀ. ಚಿಲ್ಲರೆ. ಇಪ್ಪತ್ನಾಲ್ಕು ಪಟ್ಟು ದೊಡ್ಡದಾಗಿ ಕಾಣುವುದು ಕತ್ತಲೆ.

ಗಾಜಿಗೂ ತನ್ನದೇ ಸುಂಕವುಂಟು. ಲೇಪನವಿಲ್ಲದ ಪ್ರತಿ ಮೇಲ್ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಅಂಥ ಹತ್ತು ದಾಟುವಷ್ಟರಲ್ಲಿ ಮೂರರಲ್ಲೊಂದು ಪಾಲು ಖರ್ಚು. 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ ಪ್ರತಿಫಲನ ತಡೆಯುವ ಲೇಪನ ಕಂಡುಹಿಡಿದು ಈ ಸುಂಕ ಇಳಿಸಿದರು. ಒಳ್ಳೆಯ ಸ್ಕೋಪಿನಲ್ಲಿ ಗಾಳಿ ಸೋಕುವ ಮೇಲ್ಮೈಗಳಿಗೆಲ್ಲ ಹಲವು ಪದರದ ಲೇಪನವಿರುತ್ತದೆ. ಅಗ್ಗದ್ದರಲ್ಲಿ ಡಬ್ಬಿಗೆ ಬಳಿದ ಬಣ್ಣವೇ ಹೆಚ್ಚು ಮಿಂಚುತ್ತದೆ.

ಚತುರಸ್ರ ಪರೀಕ್ಷೆ ಇನ್ನೂ ನಿಷ್ಠುರ. ಗುರಿ ಹೊಂದಿಸಲು ಸ್ಕೋಪಿನ ಮೇಲಿರುವ ತಿರುಗಣೆಯ, ಅಂದರೆ ಟರೆಟ್ಟಿನ, ಒಂದು ಕ್ಲಿಕ್ಕಿಗೆ 100 ಗಜದಲ್ಲಿ ಗುಂಡು ಸುಮಾರು ಕಾಲು ಇಂಚು ಸರಿಯಬೇಕು. ಒಂದು ಗುಂಡು ಹೊಡೆದು 40 ಕ್ಲಿಕ್ ಮೇಲೆ, 40 ಬಲಕ್ಕೆ, 40 ಕೆಳಗೆ, 40 ಎಡಕ್ಕೆ ತಿರುಗಿಸುತ್ತ ಪ್ರತಿ ಮೂಲೆಯಲ್ಲೂ ಹೊಡೆದರೆ ಕೊನೆಯದು ಮೊದಲಿನ ತೂತಿನ ಬಳಿಯೇ ಬೀಳಬೇಕು. ಅಗ್ಗದ ಸ್ಕೋಪು ಬಿಡಿಸುವ ಆಕೃತಿಗೆ ರೇಖಾಗಣಿತದಲ್ಲಿ ಇನ್ನೂ ಹೆಸರಿಟ್ಟಿಲ್ಲ.

ಇಲ್ಲೊಂದು ಉಪಾಧಿಯಿದೆ. ಸ್ಕೋಪನ್ನು ಕೋವಿಗೆ ಬಿಗಿಯುವ ರಿಂಗುಗಳ ತಿರುಪು ಸಡಿಲವಿದ್ದರೆ ಜರ್ಮನಿಯ ಗಾಜೂ ಅಲುಗಾಡುತ್ತದೆ. ಸಾವಿರ ಡಾಲರ್ ಬಿಚ್ಚುವ ಮುನ್ನ ತಿರುಪು ಬಿಗಿಯಿರಿ ಎಂಬ ವಿಧಿಗೆ ಖರ್ಚಿಲ್ಲ. ಆದ್ದರಿಂದ ಅನುಯಾಯಿಗಳೂ ಇಲ್ಲ.

ಫಲ: ಒಳ್ಳೆಯ ಸ್ಕೋಪು ಬಂದೊಡನೆ ಗುಂಡುಗಳು ಒತ್ತಟ್ಟಿಗೆ ಬೀಳುತ್ತವೆ, ಕೆಲವೊಮ್ಮೆ ಒತ್ತಟ್ಟಿಗೇ ತಪ್ಪುತ್ತವೆ. ಹಳೆಯದು ಇಷ್ಟು ದಿನ ಹೊತ್ತಿದ್ದ ಆರೋಪಗಳೆಲ್ಲ ಈಗ ಟ್ರಿಗರ್ ಎಳೆದ ಬೆರಳಿನತ್ತ ಹೊರಳುತ್ತವೆ. ಬೇಟೆಗಾರ ಧೃತಿಗೆಡುವುದಿಲ್ಲ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ .308 ಗುಂಡನ್ನು 300 ಗಜದಲ್ಲಿ ಆರೇಳು ಇಂಚು ಸರಿಸುತ್ತದೆಂದು ಅವನು ಓದಿಕೊಂಡಿದ್ದಾನೆ. ಗಾಳಿಯ ವೇಗ ಅಳೆಯುವ ಯಂತ್ರಗಳೂ ಅಗ್ಗದ್ದು, ದುಬಾರಿಯದ್ದು ಎಂದು ಎರಡು ಬಗೆ. ಸದ್ಯಕ್ಕೆ ಅಗ್ಗದ್ದನ್ನೇ ತರಿಸಿದ್ದಾನೆ.