ಪದ್ಯಕ್ಕೊಂದು ಲೆಡ್ಜರು

ಕನ್ನಡ ಮೇಷ್ಟರಿಗೆ ಹಾಜರಿ ಪುಸ್ತಕ, ವರ್ಕ್ ಡೈರಿ ಸಾಲದೆಂದು ನಮ್ಮ ಕಾಲೇಜಿನಲ್ಲಿ ಈಚೆಗೆ ಇನ್ನೊಂದು ರಿಜಿಸ್ಟರ್ ಹುಟ್ಟಿದೆ. ತರಗತಿಗೆ ಯಾರ ಕೃತಿ, ಯಾವ ಪುಟ, ಎಷ್ಟು ಪ್ರತಿ ಜೆರಾಕ್ಸ್, ಲೇಖಕರ ಮರಣ ದಿನಾಂಕ, ಮೂಲ, ಕೊನೆಗೆ ಷರಾ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಬರುತ್ತಾರೆಂಬ ಸುದ್ದಿ ಹಬ್ಬಿದರೆ ಮೊದಲು ಫೈಲು ತಯಾರಾಗುತ್ತದೆ, ಆಮೇಲೆ ಅದರೊಳಗೆ ಹಾಕಬೇಕಾದ ಕೆಲಸ.

“ಕಾನೂನು ನಮ್ಮ ಪರವಾಗಿಯೇ ಇದೆಯಲ್ಲ ಸಾರ್” ಎಂದು ಪ್ರಾಂಶುಪಾಲರೊಂದಿಗೆ ವಾದಕ್ಕಿಳಿದೆ. ಪಾಠದ ಸಲುವಾಗಿ ಮೇಷ್ಟರೋ ವಿದ್ಯಾರ್ಥಿಯೋ ನಕಲು ಮಾಡಿಕೊಂಡರೆ ಉಲ್ಲಂಘನೆಯಲ್ಲ ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನು. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ಘಟಾನುಘಟಿ ಪ್ರಕಾಶಕರೇ ದಾವೆ ಹೂಡಿದ್ದರು. 2016ರಲ್ಲಿ ಹೈಕೋರ್ಟು, ಬೋಧನೆಗೆ ಬೇಕಾದಷ್ಟು ನಕಲಿಗೆ ಅಡ್ಡಿಯಿಲ್ಲವೆಂದಿತು. ಮರುವರ್ಷ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡರು. ಪ್ರಾಂಶುಪಾಲರು ಎಲ್ಲ ಸಾವಧಾನವಾಗಿ ಕೇಳಿ, “ಎಷ್ಟು ಬೇಕಾಯ್ತು ಅಂತ ತೋರಿಸೋಕೇ ಇದು ಕಣ್ರೀ, ಬರೀರಿ” ಎಂದರು.

ಅಂದಿನಿಂದ ಕವಿಗಳ ಜನ್ಮವರ್ಷ ಬಿಟ್ಟು ಅವರು ತೀರಿಕೊಂಡ ವರ್ಷವನ್ನು ಬಾಯಿಪಾಠ ಮಾಡುತ್ತಿದ್ದೇನೆ. ಸತ್ತ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದಂತೆ. ಕೈಲಾಸಂ 1946ರಲ್ಲೇ ಹೋದದ್ದರಿಂದ ಅವರ ‘ಟೊಳ್ಳುಗಟ್ಟಿ’ಯನ್ನು 2007ರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. ಬೇಂದ್ರೆಯವರಿಗೆ 2041ರ ತನಕ, ಕುವೆಂಪು ಅವರಿಗೆ 2054ರ ತನಕ ಕಾಯಬೇಕು. ಅಷ್ಟರಲ್ಲಿ ನಾನೇ ಮರಣ ದಿನಾಂಕದ ಕಾಲಂಗೆ ಅರ್ಹನಾಗಿರುತ್ತೇನೆ. ಪಂಪನ ಮುಂದೆ ಆ ಜಾಗ ಖಾಲಿ ಬಿಟ್ಟದ್ದಕ್ಕೆ ಗುಮಾಸ್ತರು ಪುಸ್ತಕ ವಾಪಸು ಕಳಿಸಿದರು. “941ರಲ್ಲಿ ಜೀವಂತ, ವಾರಸುದಾರರು ಪತ್ತೆಯಿಲ್ಲ” ಎಂದು ಷರಾ ಬರೆದ ಮೇಲೆಯೇ ಸೀಲು ಬಿದ್ದದ್ದು.

ಇಷ್ಟು ಲೆಕ್ಕವಿಟ್ಟು ಹಂಚಿದ ಹಾಳೆಯನ್ನು ಹುಡುಗರು ಕೂತಲ್ಲೇ ಫೋಟೊ ಹೊಡೆದು ವಾಟ್ಸಾಪ್‌ಗೆ ಹಾಕುತ್ತಾರೆ. ಅದಕ್ಕೆ ಕಾಲಂ ಇಲ್ಲ. ಮೊನ್ನೆ ಅದೇ ದಾರಿಯಲ್ಲಿ, ನಾನು ಬರೆಸಿದ ನೋಟ್ಸು ಊರೆಲ್ಲ ಸುತ್ತಿ ನನ್ನ ಮೊಬೈಲಿಗೇ ಬಂತು. ಕೆಳಗೆ ಇನ್ಯಾರೋ ಮೇಷ್ಟರ ಹೆಸರು! ಮೈಯೆಲ್ಲ ಉರಿದು ದೂರು ಬರೆಯಲು ಕೂತೆ. ದೂರಿಗೆ ಆಧಾರ ಬೇಕೆಂದು ರಿಜಿಸ್ಟರ್ ತೆಗೆದರೆ ‘ಮೂಲ’ದ ಕಾಲಂ ಬಾಯಿ ತೆರೆದುಕೊಂಡು ಕೂತಿದೆ. ಆ ನೋಟ್ಸು ನನಗೆ ನಮ್ಮ ಮೇಷ್ಟರು ಬರೆಸಿದ್ದು, ಅವರಿಗೆ ಅವರ ಮೇಷ್ಟರು ಬರೆಸಿದ್ದು. ಖಾಸಾ ನನ್ನದೆಂದು ಹೇಳಿಕೊಳ್ಳಲು ಅದರಲ್ಲಿದ್ದದ್ದು ಒಂದೆರಡು ಅಲ್ಪವಿರಾಮ. ದೂರನ್ನು ಹರಿದುಹಾಕಿ, “ಮೂಲ: ಗುರುಪರಂಪರೆ” ಎಂದು ತುಂಬಿ ಸಹಿಗೆ ಕಳಿಸಿದೆ.

ಪ್ರಾಂಶುಪಾಲರು ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದಾರೆ: “ಪುಟ ಸಂಖ್ಯೆ?”