ಚದರಡಿಯಪ್ಪನ ಟೇಪು

ಹೆಸರು ಬೇಡ, ಚದರಡಿಯಪ್ಪ ಎಂದರೆ ಸಾಕು. ಮೈಸೂರಿನ ಯಾವ ಬಡಾವಣೆಯಲ್ಲಿ ಹುಡುಕಿದರೂ ಒಬ್ಬರು ಸಿಗುತ್ತಾರೆ. ಅರವತ್ತು ದಾಟಿದ ವಯಸ್ಸು, ಅರ್ಧ ತೋಳಿನ ಅಂಗಿ, ಎದೆಯ ಜೇಬಿನಲ್ಲಿ ಪೆನ್ನು, ಪ್ಯಾಂಟಿನ ಜೇಬಿನಲ್ಲಿ ಐದು ಮೀಟರಿನ ಸ್ಟೀಲ್ ಟೇಪು. ಹಿತ್ತಿಲಲ್ಲಿ ಕೋಳಿ ಸಾಕಿದವರ ಮನೆಗೆ ಬಂದವರೆಲ್ಲ "ಮೊಟ್ಟೆ ಇಡ್ತಾವಾ?" ಎಂದು ಕೇಳುತ್ತಾರೆ. ಚದರಡಿಯಪ್ಪ ಮಾತ್ರ ಕೇಳುವುದು ಬೇರೆ: "ತಲೆಗೆ ಎಷ್ಟು ಬಿಟ್ಟಿದೀರಿ?"

ಈ ಲೇಖಕ ಮೊದಲ ಸಲ ಆ ಪ್ರಶ್ನೆ ಕೇಳಿದಾಗ ಜೋಳದ ಲೆಕ್ಕವೆಂದು ತಿಳಿದು "ಒಂದೊಂದು ಹಿಡಿ ಸಾರ್" ಎಂದುಬಿಟ್ಟ. ಅವನ ಕಷ್ಟಕಾಲ ಅಲ್ಲಿಂದ ಶುರುವಾಯಿತು.

ಆಗ ಅವನ ಮನೆಯಲ್ಲಿದ್ದದ್ದು ಟೆಂಪೋದವನಿಂದ ಕೊಂಡ ಮೂರು ಗಿರಿರಾಜ ಯಾಟೆಗಳು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಈ ತಳಿ ನಾಟಿಕೋಳಿಯ ಹಾಗೆ ಹಿತ್ತಿಲಲ್ಲಿ ಕೆದಕಿಕೊಂಡು ಬೆಳೆಯುತ್ತದೆ, ಮೈ ಮಾತ್ರ ನಾಟಿಯದಕ್ಕಿಂತ ಬಲು ದಪ್ಪ. ಅವುಗಳ ವಾಸ ಹಳೆಯ ಟಿವಿ ಸ್ಟ್ಯಾಂಡಿನೊಳಗೆ. ಚದರಡಿಯಪ್ಪ ಪಂಚಾಂಗ ನೋಡುವಷ್ಟು ಗಂಭೀರವಾಗಿ ಮೊಣಕಾಲೂರಿ ಟೇಪು ಎಳೆದರು. ಉದ್ದ 3 ಅಡಿ, ಅಗಲ 2. ಟಕ್ಕೆಂದು ಟೇಪು ಒಳಗೆ ಹೋಯಿತು.

"ಆರು ಚದರಡಿ, ಮೂರು ಕೋಳಿ. ತಲೆಗೆ ಎರಡು."

"ಸಾಲಲ್ವಾ ಸಾರ್?"

"ಭತ್ತದ ಹೊಟ್ಟು ಹಾಸಿ ಸಾವಿರಗಟ್ಟಲೆ ಸಾಕೋರು ಹೆಚ್ಚುಕಮ್ಮಿ ಅಷ್ಟೇ ಕೊಡೋದು. ಅವರದು ವ್ಯಾಪಾರ. ನಿಮ್ಮದೂ ವ್ಯಾಪಾರಾನಾ?"

ಮದುವೆ ಕರೆಯೋಲೆಯೊಂದರ ಬೆನ್ನ ಮೇಲೆ ನಕ್ಷೆ ಮೂಡತೊಡಗಿತು. ಮಲಗುವ ಗೂಡಿನಲ್ಲಿ ತಲೆಗೆ 4 ಚದರಡಿ. ಹೊರಗೆ ಓಡಾಡಲು 10. ಕೂರುವ ಕೋಲಿನಲ್ಲಿ ಒಂದೊಂದಕ್ಕೆ 8ರಿಂದ 10 ಇಂಚು. ಕೋಲು ಮೊಟ್ಟೆ ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಗಲೀಜು ಮಾಡುತ್ತವೆ. ನಾಲ್ಕು ಕೋಳಿಗೆ ಒಂದಡಿ ಚೌಕದ ಒಂದು ಪೆಟ್ಟಿಗೆ ಸಾಕು, ಆದರೂ ಎರಡಿರಲಿ. ಬಲೆಯ ವಿಷಯಕ್ಕೆ ಬಂದಾಗ ದನಿ ಏರಿತು. ಅಂಗಡಿಯವನು ಕೋಳಿ ಜಾಲರಿ ಎಂದು ಕೊಡುವ ತೆಳುತಂತಿಯ ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಮುಂಗುಸಿಯನ್ನು ಹೊರಗಿಡುವುದಿಲ್ಲವಂತೆ. ಅರ್ಧ ಇಂಚಿನ ಕಣ್ಣಿನ ವೆಲ್ಡೆಡ್ ಮೆಶ್ಶೇ ಆಗಬೇಕು, ಅದನ್ನೂ ಒಂದಡಿ ಮಣ್ಣಿನೊಳಗೆ ಹೂಳಬೇಕು.

ಇಷ್ಟರಲ್ಲಿ ಲೇಖಕನ ಬಾಯಿಂದ ಆ ಮಾತು ಜಾರಿತು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ತಾವೆ ಬಿಡಿ ಸಾರ್."

ಬಸ್ಸಿನ ಸೀಟಿನಿಂದ ಹಿಡಿದು ಬಾಡಿಗೆ ಮನೆಯವರೆಗೆ ಕನ್ನಡನಾಡು ನಡೆಯುತ್ತಿರುವುದೇ ಆ ಮಾತಿನ ಮೇಲೆ. ಚದರಡಿಯಪ್ಪನ ಮುಖ ಮಾತ್ರ ಬ್ಯಾಡಗಿ ಮೆಣಸಿನಕಾಯಿಯಾಯಿತು. ಕೋಳಿಗಳಲ್ಲಿ ಯಜಮಾನಿ ಯಾರು, ಸೊಸೆ ಯಾರು ಎಂಬ ಕಟ್ಟುನಿಟ್ಟಿನ ಸಾಲು ಇರುತ್ತದೆ. ಮೇಲಿನದು ಕುಕ್ಕಿದರೆ ಕೆಳಗಿನದು ತಪ್ಪಿಸಿಕೊಂಡು ಓಡಬೇಕು, ಓಡಲು ಜಾಗ ಇರಬೇಕು. ನಾರ್ವೆಯ ಷೆಲ್ಡರುಪ್-ಎಬ್ಬೆ ಎಂಬಾತ ಹುಡುಗನಾಗಿದ್ದಾಗಿನಿಂದಲೇ ಕೋಳಿಗಳ ಜಗಳ ನೋಡುತ್ತ ಕೂತು, 1920ರ ದಶಕದ ಆರಂಭದಲ್ಲಿ ಅದನ್ನೇ ಶಾಸ್ತ್ರವಾಗಿ ಬರೆದ. ಜಾಗ ಕಿರಿದಾದರೆ ಕುಕ್ಕು ನಿಲ್ಲುವುದಿಲ್ಲ, ಗರಿ ಕೀಳುತ್ತವೆ. ಗರಿ ಹೋದಲ್ಲಿ ರಕ್ತ ಕಂಡರೆ ಮುಗಿಯಿತು, ಎಲ್ಲವೂ ಸೇರಿಕೊಳ್ಳುತ್ತವೆ. ಇಷ್ಟನ್ನೂ ಅವರು ನಿಂತಲ್ಲೇ ಹೇಳಿದರು, ಕೈಯಲ್ಲಿದ್ದ ಕಾಫಿ ಆರುವವರೆಗೆ.

ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ ಎನ್ನುವ ನಾಡಿನಲ್ಲಿ ಕೋಳಿ ಕೇಳಿಯೇ ಗೂಡು ಕಟ್ಟಬೇಕೆನ್ನುವ ಪಂಗಡ ಇದೊಂದೇ ಇರಬೇಕು.

ಲೇಖಕ ಕೊನೆಯ ಅಸ್ತ್ರ ಬಿಟ್ಟ. ಅವನ ಅಜ್ಜಿ ಹತ್ತು ಕೋಳಿಗಳನ್ನು ಒಂದೇ ಬುಟ್ಟಿಯಡಿ ಮುಚ್ಚಿ, ಮೇಲೊಂದು ಗುಂಡುಕಲ್ಲು ಹೇರಿ ಮಲಗುತ್ತಿದ್ದಳು. ಒಂದಾದರೂ ಗರಿ ಕಳೆದುಕೊಂಡಿರಲಿಲ್ಲ. ಚದರಡಿಯಪ್ಪ ನಕ್ಕರು. "ರಾತ್ರಿ ಬುಟ್ಟಿ. ಹಗಲು? ತಿಪ್ಪೆ, ಕಣ, ಪಕ್ಕದ ಮನೆ ಜಗಲಿ, ಊರಿಗೆ ಊರೇ ಅಂಗಳ. ನಿಮ್ಮ ಕೋಳಿಗೆ ಏನಿದೆ, ಹೇಳಿ."

ಲೇಖಕನದು ಎಲ್ಲರದರಂತೆ 30x40 ಸೈಟು. ಸಾವಿರದಿನ್ನೂರು ಚದರಡಿಯಲ್ಲಿ ಮನೆ, ಕಾರು, ತುಳಸಿಕಟ್ಟೆ ಎಲ್ಲ ಕೂತ ಮೇಲೆ ಹಿಂದುಗಡೆ ಉಳಿದದ್ದು ನಾಲ್ಕಡಿ ಅಗಲದ ಓಣಿ. ಅದರಲ್ಲಿ ಏಳೂವರೆ ಅಡಿ ಉದ್ದಕ್ಕೆ ಬಲೆ ಕಟ್ಟಿ 30 ಚದರಡಿ ಹೊಂದಿಸಿದ್ದಾಯಿತು. ಅದರಾಚೆಗೆ 12 ಚದರಡಿಯ ಮರದ ಗೂಡು. ಬಟ್ಟೆ ಒಗೆಯುವ ಕಲ್ಲು ಬಲೆಯ ಒಳಗಾಯಿತು, ಒಗೆಯುವವಳು ಹೊರಗಾದಳು. ಬಡಗಿಯ ಬಿಲ್ಲು ನೋಡಿದ ಮೇಲೆ ಆಕೆ ಹೇಳಿದ್ದು ಒಂದೇ ಮಾತು: "ನಮ್ಮ ಅಡುಗೆಮನೆ ತಲೆಗೆ ಎಷ್ಟು ಬರುತ್ತೆ ಅಂತ ಅವರ ಕೈಲೇ ಒಂದ್ಸಲ ಅಳಸ್ರೀ."

ಗೃಹಪ್ರವೇಶದ ರಾತ್ರಿ ಟಾರ್ಚು ಬಿಟ್ಟು ನೋಡಿದರೆ ನಾಲ್ಕಡಿ ಕೋಲಿನ ಒಂದು ತುದಿಯಲ್ಲಿ ಮೂರೂ ಅಂಟಿಕೊಂಡು ಕೂತಿವೆ, ಮಿಕ್ಕ ಕೋಲು ಖಾಲಿ. ಮೊಟ್ಟೆಗೆ ಎರಡು ಪೆಟ್ಟಿಗೆ ಇದ್ದರೂ ಮೂರಕ್ಕೂ ಬೇಕಾದದ್ದು ಎಡಗಡೆಯದೇ. ಒಂದು ಒಳಗಿದ್ದರೆ ಇನ್ನೆರಡು ಹೊರಗೆ ನಿಂತು ರೇಷನ್ ಅಂಗಡಿಯ ಸಾಲಿನಂತೆ ಗೊಣಗುತ್ತವೆ. ಲೇಖಕ ಗೆದ್ದ ಹುಮ್ಮಸ್ಸಿನಲ್ಲಿ ಫೋನು ಮಾಡಿದ. ಆ ಕಡೆಯಿಂದ ಬಂದ ಉತ್ತರ: "ಒತ್ತಿಕೊಂಡು ಕೂರೋದು ಅವುಗಳ ಇಷ್ಟ ಸ್ವಾಮಿ. ಒತ್ತಿಕೊಂಡೇ ಕೂರಬೇಕಾದರೆ ಅದು ಬೇರೆ."

ಸಿಟ್ಟು ಬರುವುದು ಅವರು ಹೇಳಿದ್ದು ನಿಜವಾದಾಗ. ಟಿವಿ ಸ್ಟ್ಯಾಂಡಿನ ಕಾಲದಲ್ಲಿ ಕಣ್ಣುರಿಸುತ್ತಿದ್ದ ಅಮೋನಿಯಾ ವಾಸನೆ ಹೋಯಿತು. ಬೆನ್ನು ಬೋಳಾಗಿದ್ದ ಸಣ್ಣ ಯಾಟೆಗೆ ಗರಿ ಚಿಗುರಿತು. ಅದು ಒಗೆಯುವ ಕಲ್ಲಿನ ಪಕ್ಕ ಗುಂಡಿ ತೋಡಿ ಮಧ್ಯಾಹ್ನವೆಲ್ಲ ಧೂಳಿನಲ್ಲಿ ಹೊರಳುತ್ತಿತ್ತು.

ಚದರಡಿಯಪ್ಪನ ಇತರ ಗುಣಗಳು ಹೆಚ್ಚಿಲ್ಲ. ಮದುವೆ ಪಂಕ್ತಿಯಲ್ಲಿ ಎಲೆಗೂ ಎಲೆಗೂ ನಡುವಿನ ಇಂಚು ಎಣಿಸುತ್ತಾರೆ. ಜೇಬಿನಲ್ಲಿ ಮಡಿಸಿದ ಎ4 ಹಾಳೆಯೊಂದಿರುತ್ತದೆ, ಸಂದರ್ಭ ಸಿಕ್ಕರೆ ಬಿಡಿಸಿ ಮೇಜಿನ ಮೇಲೆ ಹಾಸುತ್ತಾರೆ. ಇದು 620 ಚದರ ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು, ನಮ್ಮ ಮೊಟ್ಟೆ ಫಾರಂಗಳ ತಂತಿ ಪಂಜರದಲ್ಲಿ ಬಹುಕಾಲ ವಾಡಿಕೆಯಲ್ಲಿದ್ದದ್ದು ಸುಮಾರು 450 ಎನ್ನುತ್ತಾರೆ. ಯುರೋಪ್ ಒಕ್ಕೂಟ ಬರಿಯ ಪಂಜರಗಳನ್ನು 2012ರಿಂದ ನಿಷೇಧಿಸಿದ್ದು, ನಮ್ಮ ಕಾನೂನು ಆಯೋಗ 2017ರಲ್ಲಿ ಮೊಟ್ಟೆ ಕೋಳಿ, ಮಾಂಸದ ಕೋಳಿಗಳ ಬಗ್ಗೆಯೇ ಒಂದು ವರದಿ ಕೊಟ್ಟದ್ದು, ಎಲ್ಲ ಬಾಯಿಪಾಠ. ಅಷ್ಟರಲ್ಲಿ ಎದುರಿಗಿದ್ದವರ ಆಮ್ಲೆಟ್ಟು ತಣ್ಣಗಾಗಿರುತ್ತದೆ.

ಇಂಥವರ ಮನೆಯ ಗೂಡು ಹೇಗಿರಬಹುದು? ಅರಮನೆಯೇ ಇರಬೇಕೆಂದು ಲೇಖಕ ಒಂದು ಭಾನುವಾರ ಆರು ಮೊಟ್ಟೆ ಹಿಡಿದು ಹೋದ. ಮೂರನೇ ಮಹಡಿಯ ಫ್ಲಾಟು. ಬಾಲ್ಕನಿಯಲ್ಲಿ ಬಟ್ಟೆ ಒಣಗುವ ಸ್ಟ್ಯಾಂಡು, ಎರಡು ಕುಂಡ ಕರಿಬೇವು. ಕೋಳಿಯ ಒಂದು ಗರಿಯೂ ಇಲ್ಲ. ಚದರಡಿಯಪ್ಪ ಸ್ನಾನಕ್ಕೆ ಹೋಗಿದ್ದರು. ಮೊಟ್ಟೆ ಎತ್ತಿಡುತ್ತ ಅವರ ಮನೆಯವರು ಹೇಳಿದರು: "ಹಳೇ ಮನೇಲಿ ಏಳು ಕೋಳಿ ಇತ್ತು. ಮೂರಡಿ ಚೌಕದ ಪೆಟ್ಟಿಗೆ. ಒಂದು ಮಳೆಗಾಲ ಹೊರಗೆ ಬಿಡೋಕೇ ಆಗಲಿಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ಒಂದನ್ನು ಉಳಿದವೇ ಕುಕ್ಕಿ ಸಾಯಿಸಿದ್ದವು. ಅಡ್ಜಸ್ಟ್ ಮಾಡ್ಕೊಳ್ತಾವೆ ಬಿಡೇ ಅಂತ ಹಿಂದಿನ ದಿನ ಇವರೇ ಹೇಳಿದ್ದರು."

ಬಚ್ಚಲಿನ ಬಾಗಿಲು ತೆರೆದ ಸದ್ದಾಯಿತು. ಆಕೆ ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿದರು.

ಲೇಖಕ ಆ ಮೇಲೆ ಒಳ್ಳೆಯವನಾದ ಎಂದೇನೂ ಅಲ್ಲ. ಹೋದ ತಿಂಗಳು ಟೆಂಪೋದವನು ಮತ್ತೆ ಬಂದ, ಇನ್ನೆರಡು ಯಾಟೆ ಮನೆ ಸೇರಿದವು. ಐದು ಕೋಳಿಗೆ 20 ಚದರಡಿ ಬೇಕು, ಇರುವುದು 12. ಕಳೆದ ಭಾನುವಾರ ಗೇಟಿನ ಚಿಲಕ ಸದ್ದಾದದ್ದೇ ತಡ, ಅವನು ಹೊಸ ಎರಡನ್ನೂ ಅಜ್ಜಿಯ ಕಾಲದ ಬುಟ್ಟಿಯಡಿ ಮುಚ್ಚಿ ಮೇಲೆ ಪತ್ರಿಕೆ ಹರಡಿದ. ಚದರಡಿಯಪ್ಪ ಒಳಗೆ ಬಂದು, ಬಲೆಯೊಳಗೆ ಇಣುಕಿ, "ಮೂರೂ ಚೆನ್ನಾಗಿವೆ" ಎಂದು ಕುರ್ಚಿ ಎಳೆದುಕೊಂಡರು. ಆಗಲೇ ಬುಟ್ಟಿಯೊಳಗಿನ ಒಂದಕ್ಕೆ ಮೊಟ್ಟೆ ಬಂತು. ಬಂದ ಸುದ್ದಿಯನ್ನು ಅದು ಇಡೀ ಬೀದಿಗೆ ಸಾರಿತು.

ಅವರು ಬುಟ್ಟಿಯನ್ನು ನೋಡಿದರು, ಲೇಖಕನನ್ನು ನೋಡಿದರು, ಪ್ಯಾಂಟಿನ ಜೇಬಿಗೆ ಕೈ ಹಾಕಿದರು.