ದಿಬ್ಬಾರೋಹಣ ಮೀಮಾಂಸೆ: ಒಂದು ಪಂಚಪಂಥೀಯ ಅಧ್ಯಯನ

1. ವಿಷಯಪ್ರವೇಶ

ಸೈಕಲ್ಲು ಬಯಲಿನಲ್ಲಿ ನಮ್ಮನ್ನು ಹೊರುತ್ತದೆ, ಏರಿನಲ್ಲಿ ನಾವು ಅದನ್ನು ಹೊರುತ್ತೇವೆ. ಈ ಎರಡನೆಯ ಅವಸ್ಥೆಯನ್ನು ಪೂರ್ವಸೂರಿಗಳು ಅಲಕ್ಷಿಸಿದ್ದಾರೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಸೈಕಲ್ಲಿಗೆ ಗೇರಿರಲಿಲ್ಲ, ಊರಿಗೆ ದಿಬ್ಬವಿತ್ತು. ಅಲ್ಲಿಂದಲೇ ಈ ಶಾಸ್ತ್ರದ ಉದಯ. ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳಿಗೆ ಒಂದೊಂದು ಪಂಥವನ್ನು ನಾವೇ ಹಂಚಿದ್ದೇವೆ. ಆಕ್ಷೇಪವಿದ್ದವರು ದಿಬ್ಬ ಹತ್ತಿ ಬಂದು ತಿಳಿಸಬಹುದು.

2. ಕೂಡ್ಲಿಗಿ ಪಂಥ: ಬಲ

ಸವಾರ 60 ಕೆಜಿ, ಸೈಕಲ್ 20 ಕೆಜಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 9 ಕಿ.ಮೀ. ಹೋಗಲು ಗುರುತ್ವಕ್ಕೆ ಸಲ್ಲಬೇಕಾದ ಕಪ್ಪ ಸುಮಾರು 157 ವ್ಯಾಟ್. ಕ್ಯಾರಿಯರಿನಲ್ಲಿ 40 ಕೆಜಿಯ ತಮ್ಮನಿದ್ದರೆ 235. ಗುಡೇಕೋಟೆಯ ಕರಡಿಧಾಮದ ಬಳಿ ಕರಡಿ ಕಂಡರೆ ಇದಕ್ಕೂ ಮಿಗಿಲಾದ ಬಲ ತಾನಾಗಿ ಹುಟ್ಟೀತು. ಆದರೆ ಅಂಥ ಬಲಕ್ಕೆ ನಿಮಿಷದ ಆಯುಸ್ಸು. ಕರಡಿಗೆ ಅಂಥ ಮಿತಿಯಿಲ್ಲ.

3. ಹರಪನಹಳ್ಳಿ ಪಂಥ: ಗತಿ

ಈ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, ಬಳಿಕ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಇಷ್ಟಾದರೂ ಉಚ್ಚಂಗಿದುರ್ಗದ ಗುಡ್ಡ ಒಂದು ಗೇಣೂ ತಗ್ಗಲಿಲ್ಲ. ಆದ್ದರಿಂದ ಬದಲಾಗಬೇಕಾದದ್ದು ಸವಾರನೇ. ವೇಗ ಅರ್ಧವಾದರೆ ಗುರುತ್ವದ ಕಪ್ಪವೂ ಅರ್ಧ. ಬುಡದಲ್ಲಿ ಜಿಪುಣನಾಗಿರಿ, ತುದಿಯಲ್ಲಿ ದಾನಿಯಾಗಿ. ಗೇರಿಲ್ಲದವರು ಖಾಲಿ ರಸ್ತೆಯಲ್ಲಿ ಗೋಮೂತ್ರಿಕಾ ಬಂಧದಂತೆ ಅಡ್ಡಡ್ಡ ತುಳಿಯಬಹುದು; ದಾರಿ ಉದ್ದವಾಗುತ್ತದೆ, ಏರು ಸಪಾಟಾಗುತ್ತದೆ. ಲಾರಿ ಬಂದರೆ ಬಂಧವನ್ನು ಕೂಡಲೇ ಬಿಡತಕ್ಕದ್ದು.

4. ಹಗರಿಬೊಮ್ಮನಹಳ್ಳಿ ಪಂಥ: ಗಾಳಿ

ಇವರ ಮತದಲ್ಲಿ ಆಷಾಢದ ಗಾಳಿಯೇ ಕಾಣದ ದಿಬ್ಬ. ಹಡಗಲಿಯತ್ತ ಪಶ್ಚಿಮಕ್ಕೆ ತುಳಿದವರು ಇದನ್ನು ಒಪ್ಪುತ್ತಾರೆ. ಸವಾರನಿಗೆ ತಾಗುವ ಗಾಳಿಯ ವೇಗ ಇಮ್ಮಡಿಸಿದರೆ ತಡೆ ನಾಲ್ಮಡಿ. ಗಾಳಿಗೆ ತಲೆಬಾಗಿ, ದಿಬ್ಬಕ್ಕೆ ಬಾಗಬೇಡಿ: ನಿಧಾನದ ಏರಿನಲ್ಲಿ ಬಾಗಿದರೆ ಲಾಭವಿಲ್ಲ, ಎದೆ ತೆರೆದು ನೆಟ್ಟಗೆ ಕೂತರೆ ಉಸಿರಾದರೂ ಸಿಗುತ್ತದೆ.

5. ಹಡಗಲಿ ಪಂಥ: ಉಸಿರು

ಈ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿದ ಮೇಲೆ ಕಾರಣಿಕ ನುಡಿಯುತ್ತಾರೆ. ಶಾಸ್ತ್ರಕಾರರು ಇದರಿಂದ ತೆಗೆದ ಸೂತ್ರ: ಏರುವವನಲ್ಲಿ ಒಂದು ವಾಕ್ಯಕ್ಕಾಗುವಷ್ಟು ಉಸಿರು ಉಳಿದಿರಬೇಕು. “ಇಳೀಲೇನಣ್ಣ?” ಎಂದು ಹಿಂದಿನಿಂದ ತಮ್ಮ ಕೇಳುತ್ತಾನೆ. “ಬ್ಯಾಡ, ಕುಂದ್ರಲೇ, ಇನ್ನೊಂದೀಟು ಐತಿ” ಎಂದು ತಡೆಯಿಲ್ಲದೆ ಹೇಳಿದರೆ ಗತಿ ಸರಿ. ಬರೀ “ಹ್ಞೂಂ” ಹೊರಟರೆ ಗತಿ ಅತಿ. ಏನೂ ಹೊರಡದಿದ್ದರೆ ತಮ್ಮ ತಾನೇ ಇಳಿಯತಕ್ಕದ್ದು. ಉಸಿರು ಬಿಗಿಹಿಡಿದು ತುಳಿಯುವುದು ಮಹಾದೋಷ. ಹೊಟ್ಟೆಯಿಂದ ಎಳೆದು, ಪೂರ್ತಿ ಹೊರಬಿಡುವುದೇ ಪರಿಹಾರ.

6. ಕೊಟ್ಟೂರು ಪಂಥ: ಇಳಿದು ತಳ್ಳುವುದು

ಕೊಟ್ಟೂರೇಶ್ವರನ ತೇರಿಗೆ ದೂರದೂರದಿಂದ ನಡೆದೇ ಬರುವ ಭಕ್ತರನ್ನು ಕಂಡು ಈ ಪಂಥ ಹೇಳುತ್ತದೆ: ಕಾಲಿಗಿಂತ ಹಳೆಯ ವಾಹನವಿಲ್ಲ. ಉಳಿದ ನಾಲ್ಕು ಪಂಥಗಳು ಇದನ್ನು ಹಗಲು ಖಂಡಿಸಿ, ಅರ್ಧ ದಿಬ್ಬದಲ್ಲಿ ಆಚರಿಸುತ್ತವೆ.

7. ಸಿದ್ಧಾಂತ

ನಿಧಾನ ತುಳಿ, ಮಾತು ಉಳಿಸು, ಆಗದಿದ್ದರೆ ಇಳಿ. ಇಳಿಜಾರಿನ ಶಾಸ್ತ್ರ ಇದಕ್ಕಿಂತ ಚಿಕ್ಕದು: ಹೊರಡುವ ಮೊದಲು ಬ್ರೇಕ್ ನೋಡಿಕೊಳ್ಳಿ.